ನಿಂತರೆ ಕುದಿಯುವ ಗಾಡಿ

ಒಂದು ಒಗಟು ಹೇಳುತ್ತೇನೆ, ಬಿಡಿಸಿ ನೋಡೋಣ. ಓಡುವಾಗ ತಣ್ಣಗಿರುತ್ತದೆ, ನಿಂತರೆ ಕುದಿಯುತ್ತದೆ. ಏನದು?

ನಾವಾದರೆ ಓಡಿದಾಗ ಬೆವರುತ್ತೇವೆ, ನಿಂತ ಮೇಲೆ ತಣಿಯುತ್ತೇವೆ. ಇದು ಪೂರ್ತಿ ಉಲ್ಟಾ. ಉತ್ತರ ಏನೆಂದರೆ, ಫ್ಯಾನ್ ಕೆಟ್ಟ ಕಾರು! ಏಪ್ರಿಲ್ ತಿಂಗಳ ಮಧ್ಯಾಹ್ನ ಟಿಕೋಟಾದಿಂದ ಅಥಣಿ ರಸ್ತೆಯಲ್ಲಿ ವಿಜಯಪುರದ ಕಡೆಗೆ ಇಂಥದೊಂದು ಕಾರು ಬರುತ್ತಿದೆ ಅಂದುಕೊಳ್ಳಿ. ಹೊರಗೆ 40 ಡಿಗ್ರಿ ಬಿಸಿಲು. ಆದರೂ ಕಾರಿನ ಶಾಖ ತೋರಿಸುವ ಮುಳ್ಳು ನಡುವೆಯೇ ನಿಂತಿರುತ್ತದೆ. ಊರೊಳಗೆ ಬಂದು ಗಾಂಧಿ ಚೌಕದ ಗದ್ದಲದಲ್ಲಿ ಸಿಕ್ಕಿಕೊಂಡಿತೋ, ಮುಳ್ಳು ನಿಧಾನವಾಗಿ ಕೆಂಪು ಗೆರೆಯ ಕಡೆಗೆ ಏರತೊಡಗುತ್ತದೆ.

ಹೀಗೇಕೆ ಆಗುತ್ತದೆ? ಕೆಟ್ಟದ್ದು ಯಾವ ಭಾಗ ಅಂತ ಕಂಡುಹಿಡಿಯುವುದು ಹೇಗೆ? ಇವತ್ತು ಅದನ್ನೇ ನೋಡೋಣ.

ಬಿಸಿ ಎಲ್ಲಿಂದ ಬಂತು?

ಎಂಜಿನ್ನಿನೊಳಗೆ ಪೆಟ್ರೋಲ್ ಉರಿಯುವ ಆ ಕ್ಷಣದಲ್ಲಿ ಅನಿಲದ ಉಷ್ಣತೆ ಸುಮಾರು 2000 ಡಿಗ್ರಿಗೆ ಏರುತ್ತದೆ. ಈಗಿನ ಎಂಜಿನ್‌ಗಳ ಬಹಳಷ್ಟು ಭಾಗ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗಿಹೋಗುತ್ತದೆ! ಮೇಲಾಗಿ, ಪೆಟ್ರೋಲಿನ ಶಕ್ತಿಯಲ್ಲಿ ಮೂರರಲ್ಲಿ ಒಂದು ಪಾಲು ಚಕ್ರ ತಿರುಗಿಸಲು ಸಿಕ್ಕರೆ ಅದೇ ದೊಡ್ಡದು. ಉಳಿದದ್ದೆಲ್ಲ ಶಾಖವೇ. ಒಂದಷ್ಟು ಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಇನ್ನೊಂದಷ್ಟನ್ನು ಎಂಜಿನ್ನಿನ ಸುತ್ತ ಹರಿಯುವ ಕೂಲಂಟ್ ಹೊತ್ತು ತರುತ್ತದೆ. ಕೂಲಂಟ್ ಎಂದರೆ ನೀರಿಗೆ ಎಥಿಲಿನ್ ಗ್ಲೈಕಾಲ್ ಎಂಬ ದ್ರವ ಬೆರೆಸಿದ ಮಿಶ್ರಣ.

ಬಿಸಿಯಾದ ಕೂಲಂಟ್ ಕಾರಿನ ಮುಂಭಾಗದ ರೇಡಿಯೇಟರ್‌ಗೆ ಬರುತ್ತದೆ. ಅಲ್ಲಿ ತೆಳ್ಳನೆಯ ಕೊಳವೆಗಳಿವೆ, ಅವುಗಳ ನಡುವೆ ಸಾಲಾಗಿ ತಗಡಿನ ಮಡಿಕೆಗಳಿವೆ. ಮಡಿಕೆ ಹೆಚ್ಚಾದಷ್ಟೂ ಗಾಳಿಗೆ ತಾಗುವ ಜಾಗ ಹೆಚ್ಚು. ಗಾಳಿ ಅವುಗಳ ನಡುವೆ ನುಸುಳಿ ಶಾಖವನ್ನು ಕಿತ್ತುಕೊಂಡು ಹೋಗುತ್ತದೆ. ತಣಿದ ಕೂಲಂಟ್ ಮತ್ತೆ ಎಂಜಿನ್‌ಗೆ ಮರಳುತ್ತದೆ.

ಕಾರು ಜೋರಾಗಿ ಓಡುವಾಗ ಎದುರುಗಾಳಿ ತಾನಾಗಿಯೇ ನುಗ್ಗುತ್ತದೆ. ನಿಂತಾಗ ಎದುರುಗಾಳಿ ಎಲ್ಲಿಂದ ಬರಬೇಕು? ಎಂಜಿನ್ ಮಾತ್ರ ಉರಿಯುತ್ತಲೇ ಇರುತ್ತದೆ. ಆಗ ಗಾಳಿ ಎಳೆಯುವ ಕೆಲಸ ರೇಡಿಯೇಟರ್ ಹಿಂದಿನ ವಿದ್ಯುತ್ ಫ್ಯಾನಿನದು. ಹೆಚ್ಚಿನ ಕಾರುಗಳಲ್ಲಿ ಕೂಲಂಟ್ 95 ಡಿಗ್ರಿಯ ಆಸುಪಾಸಿಗೆ ಬಂದಾಗ ಅದು ತಿರುಗತೊಡಗುತ್ತದೆ, ಸ್ವಲ್ಪ ತಣಿದ ಮೇಲೆ ನಿಲ್ಲುತ್ತದೆ.

ಒಗಟು ಬಿಡಿಸಿದ್ದರಲ್ಲೇ ನಮಗೆ ಮೊದಲ ಸುಳಿವು ಸಿಕ್ಕಿದೆ ನೋಡಿ. ಓಡುವಾಗ ಸರಿ, ನಿಂತಾಗ ಮಾತ್ರ ಬಿಸಿ ಎಂದಾದರೆ ಫ್ಯಾನಿನ ಮೇಲೆ ಅನುಮಾನ. ಓಡುವಾಗಲೂ ಬಿಸಿಯಾದರೆ ಬೇರೆ ಕಾರಣ ಹುಡುಕಬೇಕು: ಕೂಲಂಟ್ ಸೋರಿರಬಹುದು, ಅದನ್ನು ತಿರುಗಿಸುವ ಪಂಪು ಕೆಟ್ಟಿರಬಹುದು, ಎರೆಮಣ್ಣಿನ ಧೂಳು ರೇಡಿಯೇಟರಿನ ಸಂದುಗಳನ್ನು ಮುಚ್ಚಿರಬಹುದು. ಒಂದೇ ಪ್ರಶ್ನೆಗೆ ಎಷ್ಟೊಂದು ಅನುಮಾನಗಳು ಎರಡು ಗುಂಪಾದವು!

ಫ್ಯಾನಿಗೆ ಕರೆಂಟ್ ಬರುವ ದಾರಿ

ಮನೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟಿನದು. 230 ವೋಲ್ಟಿನಲ್ಲಿ ಅದಕ್ಕೆ ಆಂಪಿಯರಿನ ಮೂರನೆಯ ಒಂದು ಪಾಲು ಕರೆಂಟ್ ಸಾಕು. ಕಾರಿನ ಬ್ಯಾಟರಿ 12 ವೋಲ್ಟಿನದು. ಫ್ಯಾನ್ 180 ವ್ಯಾಟಿನದು ಅಂದುಕೊಂಡರೆ ಎಷ್ಟು ಆಂಪಿಯರ್ ಬೇಕು? 180ನ್ನು 12ರಿಂದ ಭಾಗಿಸಿ. 15 ಆಂಪಿಯರ್! ಇಷ್ಟು ದೊಡ್ಡ ಕರೆಂಟಿಗೆ ದಪ್ಪ ವೈರ್ ಬೇಕು, ದಪ್ಪ ಸ್ವಿಚ್ಚು ಬೇಕು.

ಆದರೆ ಫ್ಯಾನ್ ಯಾವಾಗ ತಿರುಗಬೇಕೆಂದು ತೀರ್ಮಾನಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಅದರ ಸೂಕ್ಷ್ಮ ಭಾಗಗಳ ಮೂಲಕ 15 ಆಂಪಿಯರ್ ಹರಿಸಿದರೆ ಸುಟ್ಟೇ ಹೋಗುತ್ತವೆ. ಅದಕ್ಕಾಗಿ ನಡುವೆ ರಿಲೇ ಎಂಬ ಡಬ್ಬಿ ಇದೆ. ಅದರೊಳಗೆ ತಾಮ್ರದ ತಂತಿಯ ಒಂದು ಸುರುಳಿ. ಇಸಿಯು ಅದರಲ್ಲಿ ಚೂರೇ ಚೂರು, ಸುಮಾರು 0.15 ಆಂಪಿಯರ್, ಕರೆಂಟ್ ಹರಿಸುತ್ತದೆ. ಸುರುಳಿ ಅಯಸ್ಕಾಂತವಾಗಿ ಒಂದು ಲೋಹದ ಪಟ್ಟಿಯನ್ನು 'ಟಿಕ್' ಎಂದು ಎಳೆದುಕೊಳ್ಳುತ್ತದೆ. ಪಟ್ಟಿ ಕೂಡಿದಾಗ ದೊಡ್ಡ ಕರೆಂಟಿನ ದಾರಿ ತೆರೆಯುತ್ತದೆ. ನೂರರಲ್ಲಿ ಒಂದು ಪಾಲಿನ ಕರೆಂಟು ನೂರು ಪಾಲನ್ನು ಆಳುತ್ತದೆ!

ಹಾಗಾದರೆ ದಾರಿಗಳು ಎರಡು. ದೊಡ್ಡ ದಾರಿ: ಬ್ಯಾಟರಿ, ಫ್ಯೂಸ್, ರಿಲೇಯ ಪಟ್ಟಿ, ದಪ್ಪ ವೈರ್, ಫ್ಯಾನ್ ಮೋಟಾರ್, ಅಲ್ಲಿಂದ ಕಾರಿನ ಮೈಗೆ ಬಿಗಿದ ಅರ್ಥ್ ಬೋಲ್ಟು. ಕಾರಿನ ಕಬ್ಬಿಣದ ಮೈಯೇ ಕರೆಂಟು ಬ್ಯಾಟರಿಗೆ ಮರಳುವ ಹಾದಿ. ಚಿಕ್ಕ ದಾರಿ: ಶಾಖ ಅಳೆಯುವ ಸೆನ್ಸರ್, ಇಸಿಯು, ರಿಲೇಯ ಸುರುಳಿ. ಎರಡೂ ಸೇರುವ ಜಾಗ ರಿಲೇ.

ಸೆನ್ಸರ್ ಕಥೆ ಚೆನ್ನಾಗಿದೆ. ಸಾಮಾನ್ಯವಾಗಿ ಲೋಹ ಬಿಸಿಯಾದರೆ ಕರೆಂಟಿಗೆ ಅದು ಒಡ್ಡುವ ಅಡ್ಡಿ, ಅಂದರೆ ರೋಧ, ಹೆಚ್ಚುತ್ತದೆ. ಆದರೆ 1833ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ಒಂದು ವಿಚಿತ್ರ ಗಮನಿಸಿದರು. ಸಿಲ್ವರ್ ಸಲ್ಫೈಡ್ ಎಂಬ ವಸ್ತು ಬಿಸಿಯಾದಷ್ಟೂ ಅದರ ರೋಧ ಕಡಿಮೆಯಾಗುತ್ತಿತ್ತು. ಇಂಥದೇ ಗುಣದ ವಸ್ತುಗಳಿಂದ ಮಾಡಿದ ಥರ್ಮಿಸ್ಟರ್ ಎಂಬ ಗುಂಡು ಇಂದು ಕಾರಿನ ಸೆನ್ಸರಿನೊಳಗೆ ಕೂತಿದೆ. ಬಹಳ ಕಾರುಗಳಲ್ಲಿ ಅದರ ರೋಧ ತಣ್ಣಗಿದ್ದಾಗ ಎರಡು ಸಾವಿರ ಓಮ್‌ಗಿಂತ ಹೆಚ್ಚು, 90 ಡಿಗ್ರಿಯ ಹತ್ತಿರ ಬರೀ ಇನ್ನೂರು ಮುನ್ನೂರು ಓಮ್. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತವರು ಈ ಫ್ಯಾರಡೆ. ಕರೆಂಟು ಹರಿಯುವ ತಂತಿ ಅಯಸ್ಕಾಂತದ ಸುತ್ತ ಸುತ್ತುವುದನ್ನು 1821ರಲ್ಲಿ ಮೊದಲು ಮಾಡಿ ತೋರಿಸಿದವರೂ ಅವರೇ. ಎಲ್ಲ ಮೋಟಾರುಗಳ ಬೀಜ ಅದು. ಫ್ಯಾನಿನ ದಾರಿಯ ಒಂದು ತುದಿಯಲ್ಲಿ ಸೆನ್ಸರ್, ಇನ್ನೊಂದು ತುದಿಯಲ್ಲಿ ಮೋಟಾರ್. ಎರಡೂ ಕಡೆ ಫ್ಯಾರಡೆ!

ನಡುವಿನಿಂದ ಶುರು ಮಾಡು

ಈಗ ಅನುಮಾನಿತರನ್ನು ಎಣಿಸೋಣ: ಫ್ಯೂಸ್, ರಿಲೇಯ ಪಟ್ಟಿ, ದಪ್ಪ ವೈರ್, ಮೋಟಾರ್, ಅರ್ಥ್, ಸೆನ್ಸರ್, ಇಸಿಯು, ರಿಲೇಯ ಸುರುಳಿ. ಒಟ್ಟು ಎಂಟು. ಒಂದೊಂದಾಗಿ ಬದಲಿಸುತ್ತ ಹೋದರೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ. ಇದಕ್ಕಿಂತ ಜಾಣ ದಾರಿ ಒಂದಿದೆ.

ವಿಜಯಪುರದಲ್ಲಿ ಅಲ್ಲಲ್ಲಿ ಕಲ್ಲು-ಗಾರೆಯ ಹಳೆಯ ನೀರಿನ ಗೋಪುರಗಳನ್ನು ನೋಡಿರಬಹುದು. ಆದಿಲ್‌ಶಾಹಿ ಕಾಲದಲ್ಲಿ ತೊರವಿಯ ಕಡೆಯಿಂದ, 1651ರಲ್ಲಿ ಕಟ್ಟಿದ ಬೇಗಂ ತಲಾಬ್‌ನಿಂದ, ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ದಾರಿಯಲ್ಲಿ ನೀರಿನ ಒತ್ತಡ ತಗ್ಗಿಸಲು, ಹೂಳು ತಳ ಸೇರಲು ಈ ಗೋಪುರಗಳು. ನೀವು ಆ ಕಾಲದ ನೀರಗಂಟಿ ಅಂದುಕೊಳ್ಳಿ. ಊರ ಕಾರಂಜಿಗೆ ನೀರು ಬರುತ್ತಿಲ್ಲ. ಕೊಳವೆ ನೆಲದಡಿ ಇದೆ, ಎಲ್ಲಿ ಒಡೆದಿದೆಯೋ ಕಾಣದು. ಮೊದಲು ಯಾವ ಗೋಪುರ ಹತ್ತಿ ಇಣುಕುತ್ತೀರಿ? ಜಾಣನಾದವನು ನಡುವಿನದನ್ನು ಹತ್ತುತ್ತಾನೆ. ಅಲ್ಲಿ ನೀರಿದ್ದರೆ ಅದರ ಹಿಂದಿನ ಅರ್ಧ ದಾರಿ ನೋಡುವುದೇ ಬೇಡ. ನೀರಿಲ್ಲದಿದ್ದರೆ ಮುಂದಿನ ಅರ್ಧ ಬೇಡ. ವೈರಿನೊಳಗಿನ ಕರೆಂಟೂ ಹಾಗೆಯೇ, ಕಣ್ಣಿಗೆ ಕಾಣದು. ಮೆಕ್ಯಾನಿಕ್ ಕೈಯಲ್ಲಿರುವ ಟೆಸ್ಟ್ ಲ್ಯಾಂಪ್, ಅಂದರೆ ಎರಡು ವೈರ್ ಕಟ್ಟಿದ 12 ವೋಲ್ಟಿನ ಪುಟ್ಟ ಬಲ್ಬು, ಅವನ ಇಣುಕುಗಣ್ಣು. ಒಂದು ವೈರನ್ನು ಕಾರಿನ ಮೈಗೆ ಕಚ್ಚಿಸಿ, ಇನ್ನೊಂದನ್ನು ದಾರಿಯ ಯಾವುದೇ ಜಾಗಕ್ಕೆ ಮುಟ್ಟಿಸಿದರೆ ಸಾಕು. ಹತ್ತಿದರೆ ಅಲ್ಲಿಯವರೆಗೆ ಕರೆಂಟ್ ಬಂದಿದೆ.

ಬನ್ನಿ, ಮನಸ್ಸಿನಲ್ಲೇ ವಿಜಯಪುರದ ಒಂದು ಗ್ಯಾರೇಜಿಗೆ ಹೋಗೋಣ. ಮೂರು ಗಾಡಿಗಳು ಬಂದಿವೆ. ಮೂರಕ್ಕೂ ಒಂದೇ ದೂರು: ನಿಂತರೆ ಕುದಿಯುತ್ತದೆ.

ಬಬಲೇಶ್ವರದ ಗಾಡಿ

"ಹೊಸಾ ಫ್ಯಾನ್ ಹಾಕ್ಸೂಣೇನ್ರಿ ಮಿಸ್ತ್ರಿ?" ಅಂತ ಕೇಳಿದರು ಗಾಡಿಯವರು.

"ತಡೀರಿ, ಮೊದ್ಲ ಗಾಡೀನ್ನ ಕೇಳೂಣು."

ಮಿಸ್ತ್ರಿ ಎಸಿ ಹಾಕಿದ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದರೆ ಎಂಜಿನ್ ಬಿಸಿ ಇರಲಿ ಬಿಡಲಿ, ಫ್ಯಾನ್ ತಿರುಗಲೇಬೇಕು. ಇದು ತಿರುಗಲಿಲ್ಲ. ಸೆನ್ಸರ್ ಮೇಲಿನ ಅನುಮಾನ ಹಿಂದೆ ಸರಿಯಿತು. ರಿಲೇ ಕಿತ್ತು, ಅದು ಕೂರುವ ಜಾಗದಲ್ಲಿ ಬ್ಯಾಟರಿ ಕಡೆಯ ಕಿಂಡಿಗೆ ಲ್ಯಾಂಪ್ ಮುಟ್ಟಿಸಿದ. ಬಹಳ ರಿಲೇಗಳಲ್ಲಿ ಅದರ ಅಂಕಿ 30. ಕತ್ತಲೆ! ಅಂದರೆ ರಿಲೇಗಿಂತ ಹಿಂದೆಯೇ ದಾರಿ ಕಡಿದಿದೆ. ಅಲ್ಲಿರುವುದು ಫ್ಯೂಸ್. ತೆಗೆದು ನೋಡಿದರೆ ಒಳಗಿನ ತಂತಿ ಕರಗಿದೆ.

ಹೊಸ ಫ್ಯೂಸ್ ಹಾಕಿ, ರಿಲೇ ಮತ್ತೆ ಕೂರಿಸಿ, ಎಸಿ ಹಾಕಿದ ಕೂಡಲೇ ಅದೂ ಹೋಯಿತು. ಇಲ್ಲಿ ಕೆಲವರು ಫ್ಯೂಸ್ ಜಾಗಕ್ಕೆ ದಪ್ಪ ತಂತಿ ಸುತ್ತಿಬಿಡುತ್ತಾರೆ. ಅದು ಬಹಳ ದೊಡ್ಡ ತಪ್ಪು, ಗಾಡಿಗೇ ಬೆಂಕಿ ಹತ್ತಬಹುದು. ಫ್ಯೂಸ್ ತಾನು ಕರಗಿ ವೈರನ್ನು ಉಳಿಸಿದೆ. ಅದು ಏಕೆ ಕರಗಿತು ಎಂಬುದೇ ಮುಂದಿನ ಪ್ರಶ್ನೆ. ಮಿಸ್ತ್ರಿ ಮೋಟಾರಿನ ಪ್ಲಗ್ ಬಿಚ್ಚಿಟ್ಟು ಮತ್ತೊಂದು ಫ್ಯೂಸ್ ಹಾಕಿದ. ಆಗಲೂ ಹೋದರೆ ತಪ್ಪು ವೈರಿನದು, ಉಳಿದರೆ ಮೋಟಾರಿನದು. ಮತ್ತೆ ಅರ್ಧಕ್ಕೆ ಅರ್ಧ! ಫ್ಯೂಸ್ ಹೋಯಿತು. ರಿಲೇಯಿಂದ ಮೋಟಾರಿನವರೆಗೆ ವೈರ್ ಹಿಡಿದು ನೋಡುತ್ತ ಹೋದಾಗ ಕಳ್ಳ ಸಿಕ್ಕ. ಗಾಡಿ ಬಹಳ ದಿನ ಒಣದ್ರಾಕ್ಷಿ ಶೆಡ್ಡಿನ ಪಕ್ಕ ನಿಂತಿತ್ತು. ಇಲಿ ಬಂದು ವೈರಿನ ಮೇಲುಹೊದಿಕೆ ಕಡಿದು ಹೋಗಿತ್ತು. ಬರಿ ತಾಮ್ರ ಕಾರಿನ ಮೈಗೆ ತಾಗಿ, ಕರೆಂಟು ಮೋಟಾರಿಗೆ ಹೋಗದೆ ಅಡ್ಡದಾರಿ ಹಿಡಿದಿತ್ತು.

ಟಿಕೋಟಾದ ಗಾಡಿ

ಇಲ್ಲೂ ಎಸಿ ಹಾಕಿದರೆ ಫ್ಯಾನ್ ತಿರುಗಲಿಲ್ಲ. ಆದರೆ ರಿಲೇಯ 30ನೇ ಕಿಂಡಿಯಲ್ಲಿ ಲ್ಯಾಂಪ್ ಹತ್ತಿತು. ಫ್ಯೂಸ್ ಬಚಾವ್. ಮಿಸ್ತ್ರಿ ಫ್ಯೂಸ್ ಕಟ್ಟಿದ ದಪ್ಪ ವೈರಿನ ತುಂಡಿನಿಂದ 30ನ್ನೂ ಫ್ಯಾನ್ ಕಡೆಯ ಕಿಂಡಿಯಾದ 87ನ್ನೂ ಕೂಡಿಸಿದ. ಅಂದರೆ ರಿಲೇ ಮಾಡಬೇಕಿದ್ದ ಕೆಲಸವನ್ನು ತಾನೇ ಮಾಡಿದ. ಫ್ಯಾನ್ ಆಗಲೂ ಸುಮ್ಮನೆ. ರಿಲೇಯೂ ಇಸಿಯುವೂ ಬಚಾವ್. ತಪ್ಪು ಮುಂದಿನ ವೈರಿನಲ್ಲಿ, ಮೋಟಾರಿನಲ್ಲಿ ಇಲ್ಲವೇ ಅರ್ಥ್‌ನಲ್ಲಿ ಇರಬೇಕು.

ಮೋಟಾರಿನ ಪ್ಲಗ್ಗಿನಲ್ಲಿ ಕರೆಂಟ್ ಒಳಬರುವ ಕಡೆ ಲ್ಯಾಂಪ್ ಮುಟ್ಟಿಸಿದ. ಹತ್ತಿತು. ಆಮೇಲೆ ಕರೆಂಟ್ ಹೊರಹೋಗುವ ಕಪ್ಪು ವೈರಿಗೆ ಮುಟ್ಟಿಸಿದ. ಅಲ್ಲೂ ಹತ್ತಿತು!

ಗಾಡಿಯ ಜೊತೆ ಬಂದಿದ್ದ ಹುಡುಗಿ ಕೇಳಿದಳು: "ಕಾಕಾ, ಎರಡೂ ಕಡೆ ಲೈಟ್ ಹತ್ತೈತಲ್ಲ, ಮತ್ತ ಫ್ಯಾನ್ ಯಾಕ ತಿರುಗವಲ್ದು?"

"ಹೋಗೂ ದಾರಿ ಐತವ್ವಾ. ಬರೂ ದಾರಿ ಇಲ್ಲ."

ಮೋಟಾರ್ ದಾಟಿ ಬಂದ ಕರೆಂಟು ಅರ್ಥ್ ಬೋಲ್ಟಿನ ಮೂಲಕ ಬ್ಯಾಟರಿಗೆ ಮರಳಬೇಕು. ಆಗ ಕಪ್ಪು ವೈರಿನಲ್ಲಿ ವೋಲ್ಟೇಜ್ ಉಳಿಯುವುದೇ ಇಲ್ಲ, ಲ್ಯಾಂಪ್ ಹತ್ತಬಾರದು. ಹತ್ತಿತೆಂದರೆ ಮರಳುವ ದಾರಿ ಕಡಿದಿದೆ. ಬಗ್ಗಿ ನೋಡಿದರೆ ಅರ್ಥ್ ಬೋಲ್ಟಿಗೆ ತುಕ್ಕು ಹಿಡಿದು ಪುಡಿ ಉದುರುತ್ತಿದೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಲು ತುಕ್ಕಿನ ರೋಧ ಓಮ್‌ನ ಹತ್ತನೆಯ ಒಂದು ಪಾಲು, 0.1 ಓಮ್, ಇತ್ತು ಅನ್ನಿ. ಜಾರ್ಜ್ ಓಮ್ 1827ರಲ್ಲಿ ಬರೆದಿಟ್ಟ ನಿಯಮದಂತೆ 15 ಆಂಪಿಯರನ್ನು 0.1ರಿಂದ ಗುಣಿಸಿ. ಒಂದೂವರೆ ವೋಲ್ಟು ಆ ಬೋಲ್ಟಿನಲ್ಲೇ ಖರ್ಚು! ಅದನ್ನು ಮತ್ತೆ 15ರಿಂದ ಗುಣಿಸಿದರೆ 22.5 ವ್ಯಾಟ್. ರೇಡಿಯೋ ರಿಪೇರಿಯ ಚಿಕ್ಕ ಸೋಲ್ಡರಿಂಗ್ ಐರನ್ ಹೆಚ್ಚುಕಡಿಮೆ ಇಷ್ಟೇ ವ್ಯಾಟಿನದು. ಬೋಲ್ಟು ಕಾಯುತ್ತದೆ, ಕಾದಷ್ಟೂ ಜೋಡಣೆ ಇನ್ನಷ್ಟು ಹದಗೆಡುತ್ತದೆ, ರೋಧ ಇನ್ನಷ್ಟು ಏರುತ್ತದೆ. ಫ್ಯಾನ್ ದಿನದಿನಕ್ಕೂ ನಿಧಾನವಾಗಿ, ಕಡೆಗೊಂದು ದಿನ ನಿಂತೇಹೋಗುತ್ತದೆ. ಔಷಧಿ ಏನು ಗೊತ್ತೇ? ಬೋಲ್ಟು ಬಿಚ್ಚಿ, ಎಮರಿ ಕಾಗದದಿಂದ ತಿಕ್ಕಿ, ಹೊಳಪು ಬಂದ ಮೇಲೆ ಬಿಗಿ ಮಾಡುವುದು. ಅಷ್ಟೇ. ಹೊಸ ಫ್ಯಾನ್ ಹಾಕಿಸಿದ್ದರೂ ಅದು ತಿರುಗುತ್ತಿರಲಿಲ್ಲ!

ವಿಜಯಪುರದ ಗಾಡಿ

ಮೂರನೆಯದು ತಮಾಷೆಯ ಗಾಡಿ. ಬೇಸಿಗೆಯಿಡೀ ಆರಾಮಾಗಿತ್ತು. ಸಂಕ್ರಾಂತಿಯ ಹೊತ್ತಿಗೆ, ತಂಪು ಹವೆಯಲ್ಲಿ, ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ನಿಂತಾಗ ಹಬೆ ಎದ್ದಿತು. ಅದೂ ಮುಳ್ಳು 'ತಣ್ಣಗಿದೆ' ಎಂದು ತೋರಿಸುತ್ತಿರುವಾಗಲೇ! ಬಿಸಿಲಿಗೆ ಕೆಡದ ಗಾಡಿ ಚಳಿಗೆ ಕೆಟ್ಟಿತೇ?

ಮಿಸ್ತ್ರಿ ಎಸಿ ಹಾಕಿದ. ಫ್ಯಾನ್ ಗಿರ್ರನೆ ತಿರುಗಿತು. ಫ್ಯೂಸ್, ರಿಲೇ, ವೈರ್, ಮೋಟಾರ್, ಅರ್ಥ್ ಎಲ್ಲಕ್ಕೂ ಒಂದೇ ಏಟಿಗೆ ಬಿಡುಗಡೆ. ಬೇಸಿಗೆಯಲ್ಲಿ ಏಕೆ ಕುದಿಯಲಿಲ್ಲ ಎಂಬುದಕ್ಕೂ ಉತ್ತರ ಸಿಕ್ಕಿತು. ಆಗ ಸದಾ ಎಸಿ ಹಾಕಿರುತ್ತಿದ್ದರು, ಫ್ಯಾನ್ ಆ ನೆಪದಲ್ಲೇ ತಿರುಗುತ್ತಿತ್ತು. ಚಳಿಗಾಲದಲ್ಲಿ ಎಸಿ ಬಂದ್ ಆದಾಗ, ಬಚ್ಚಿಟ್ಟುಕೊಂಡಿದ್ದ ದೋಷ ಹೊರಬಿತ್ತು.

ಉಳಿದದ್ದು ಚಿಕ್ಕ ದಾರಿ. ಮುಳ್ಳು ಸುಳ್ಳು ಹೇಳಿದ್ದರಿಂದ ಸೆನ್ಸರ್ ಮೇಲೇ ಕಣ್ಣು. ಬಹಳ ಕಾರುಗಳಲ್ಲಿ ಮುಳ್ಳಿಗೂ ಇಸಿಯುಗೂ ಸುದ್ದಿ ಕೊಡುವುದು ಅದೊಂದೇ. ಬಿಸಿ ಎಂಜಿನ್ನಿನಲ್ಲಿ ಮಲ್ಟಿಮೀಟರಿನಿಂದ ಅಳೆದರೆ ಮುನ್ನೂರು ಓಮ್‌ನ ಆಸುಪಾಸು ಇರಬೇಕಿದ್ದ ರೋಧ ಎರಡು ಸಾವಿರದ ಮೇಲಿದೆ. 'ನಾನಿನ್ನೂ ತಣ್ಣಗಿದ್ದೇನೆ' ಅಂತ ಸೆನ್ಸರ್ ಹೇಳುತ್ತಿದೆ, ಇಸಿಯು ನಂಬುತ್ತಿದೆ. ಸೆನ್ಸರಿನ ಪ್ಲಗ್ಗನ್ನೇ ಕಿತ್ತಾಗ ಫ್ಯಾನ್ ತಿರುಗತೊಡಗಿತು. ಸುದ್ದಿಯೇ ಬರದಿದ್ದರೆ ಬಹಳಷ್ಟು ಇಸಿಯುಗಳು ಅಪಾಯ ಬೇಡವೆಂದು ಫ್ಯಾನ್ ಹಾಕಿಬಿಡುತ್ತವೆ. ಅಂದರೆ ಇಸಿಯು ಸರಿಯಾಗಿದೆ, ತಪ್ಪು ಸೆನ್ಸರಿನದೇ.

ಹೊಸ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿದರೆ ಅವೇ ತಮ್ಮ ಕಾಯಿಲೆ ಹೇಳುತ್ತವೆ. ಪಿ0480 ಎಂಬ ಕೋಡ್ ಬಂದರೆ ಒಂದನೇ ಫ್ಯಾನಿನ ನಿಯಂತ್ರಣದ ದಾರಿಯಲ್ಲಿ ತೊಂದರೆ ಎಂದರ್ಥ. ಆದರೆ ಆ ದಾರಿಯಲ್ಲಿ ಕೆಟ್ಟದ್ದು ಸುರುಳಿಯೋ, ವೈರೋ, ಇಸಿಯುವೋ ಎಂದು ಕೋಡ್ ಹೇಳುವುದಿಲ್ಲ. ಅದನ್ನು ಮನುಷ್ಯನೇ ಪ್ರಶ್ನೆ ಕೇಳಿ ಹುಡುಕಬೇಕು.

ಎಚ್ಚರ!

ಇದೆಲ್ಲ ದೊಡ್ಡವರು ಮಾಡುವಾಗ ದೂರ ನಿಂತು ನೋಡುವ ಕೆಲಸ. ಬಿಸಿ ರೇಡಿಯೇಟರಿನ ಮುಚ್ಚಳ ಎಂದೂ ತೆರೆಯಬಾರದು. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳದ ಒತ್ತಡದಲ್ಲಿ ಕೂಲಂಟ್ 110 ಡಿಗ್ರಿಯಲ್ಲೂ ಕುದಿಯದೆ ಇರಬಲ್ಲದು. ಮುಚ್ಚಳ ತೆರೆದ ಕ್ಷಣ ಒತ್ತಡ ಹೋಗುತ್ತದೆ, ಅದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಇನ್ನೊಂದು ಮಾತು: ಕೆಲವು ಗಾಡಿಗಳಲ್ಲಿ ಎಂಜಿನ್ ಬಂದ್ ಮಾಡಿದ ಮೇಲೂ ಫ್ಯಾನ್ ತಟ್ಟನೆ ತಿರುಗಬಹುದು. ಬೆರಳು, ಜಡೆ, ಓಢಣಿ ದೂರ ಇರಲಿ.

ನೀವೂ ಆಡಿ ನೋಡಿ

ಇದೇ ಪತ್ತೇದಾರಿ ಮನೆಯಲ್ಲಿ ಆಡಬಹುದು. ಎರಡು ಟಾರ್ಚ್ ಸೆಲ್ಲು, ಅವಕ್ಕೆ ಹೊಂದುವ ಎರಡು ಪುಟ್ಟ ಬಲ್ಬು, ಒಂಬತ್ತು ತುಂಡು ವೈರ್, ಬಲ್ಬುಗಳಿಗೆ ಕಟ್ಟಲು ಇನ್ನೊಂದಿಷ್ಟು ವೈರ್ ತೆಗೆದುಕೊಳ್ಳಿ. ಗೋಡೆಯ ಪ್ಲಗ್ಗಿನ ಕರೆಂಟ್ ಮುಟ್ಟಲೇಬೇಡಿ. ಎರಡು ಸೆಲ್ ಸಾಲಾಗಿ ಜೋಡಿಸಿ. ಒಂಬತ್ತು ತುಂಡುಗಳನ್ನು ಒಂದಕ್ಕೊಂದು ಹೆಣೆದರೆ ನಡುವೆ ಎಂಟು ಗಂಟುಗಳಾಗುತ್ತವೆ. ಈ ಉದ್ದ ವೈರಿನ ಒಂದು ತುದಿ ಸೆಲ್ಲಿನ ಪ್ಲಸ್‌ಗೆ, ಇನ್ನೊಂದು ತುದಿ ಬಲ್ಬಿಗೆ, ಬಲ್ಬಿನ ಮತ್ತೊಂದು ಕಡೆ ಸೆಲ್ಲಿನ ಮೈನಸ್‌ಗೆ. ಬಲ್ಬ್ ಹತ್ತಿತೇ? ಈಗ ಗೆಳತಿಗೆ ಆಚೆ ತಿರುಗಲು ಹೇಳಿ, ಯಾವುದಾದರೂ ಒಂದು ಗಂಟಿನಲ್ಲಿ ಎರಡು ವೈರಿನ ನಡುವೆ ಕಾಗದದ ಚೂರು ಸಿಕ್ಕಿಸಿ. ಎಂಟೂ ಗಂಟಿನ ಮೇಲೆ ಟೇಪ್ ಸುತ್ತಿ.

ಎರಡನೆಯ ಬಲ್ಬು ಗೆಳತಿಯ ಟೆಸ್ಟ್ ಲ್ಯಾಂಪ್. ಅದರ ಒಂದು ವೈರ್ ಸೆಲ್ಲಿನ ಮೈನಸ್‌ಗೆ ಕಟ್ಟಿ. ಗಂಟುಗಳ ನಡುವಿನ ವೈರುಗಳ ಮೇಲುಹೊದಿಕೆಯನ್ನು ಮೊದಲೇ ಚೂರು ಕೆರೆದಿಟ್ಟರೆ ಇನ್ನೊಂದು ವೈರನ್ನು ಅಲ್ಲಿ ಮುಟ್ಟಿಸಬಹುದು. ಅವಳು ಮೊದಲ ಗಂಟಿನಿಂದ ಶುರು ಮಾಡಿದರೆ ಏಳು ಸಲ ಮುಟ್ಟಿಸಬೇಕಾಗಿ ಬರಬಹುದು. ನಾಲ್ಕನೆಯ ಗಂಟಿನ ಆಚೆ ಶುರು ಮಾಡಿ, ಪ್ರತಿ ಸಲವೂ ಉಳಿದದ್ದನ್ನು ಅರ್ಧ ಮಾಡುತ್ತ ಹೋದರೆ ಕಾಗದ ಎಲ್ಲೇ ಅಡಗಿದ್ದರೂ ಮೂರೇ ಸಲಕ್ಕೆ ಸಿಗುತ್ತದೆ.

ಗಂಟುಗಳನ್ನು ಹದಿನಾರು ಮಾಡಿದರೆ ಎಷ್ಟು ಸಲ ಮುಟ್ಟಿಸಬೇಕು? ಆರು ಅಂದಿರಾ? ಅಲ್ಲ. ವೈರ್ ತನ್ನಿ, ಕಟ್ಟಿ, ಎಣಿಸಿ ನೋಡಿ.